ಸೀತಾಳೆ ದಂಡೆಗೆ ಎಷ್ಟು ಹೆಸರು?

ಹಿಂದಿನ ಸಂಚಿಕೆಯಲ್ಲಿ ಸೀತಾಳೆ ದಂಡೆಯ ಚಿತ್ರ ಅಚ್ಚಾದ ಮೇಲೆ ಬಂದ ಪತ್ರಗಳು ಈ ಅಂಕಣಕ್ಕೆ ಹಿಡಿಸದಷ್ಟಿವೆ. ಗಿಡವನ್ನು ಮನೆಯಲ್ಲಿ ಬೆಳೆಸುವ ಬಗೆ ಕೇಳಿದವರಿಗೆ ಮುಂದೆ ಉತ್ತರಿಸುತ್ತೇನೆ. ಅದರ ಹೆಸರು ಯಾವುದು, ಯಾರಿಟ್ಟರು, ಯಾವ ಗುಂಪಿಗೆ ಸೇರಿದ್ದು ಎಂದು ಕೇಳಿದವರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಅಂಚಿನಲ್ಲಿರುವ ಮತ್ತಿ ಮರದ ಮೇಲೆ ಸೀತಾಳೆ ದಂಡೆ ಇದೆ. ನೀವು ಚಿತ್ರದ ಅಡಿಯಲ್ಲಿ ‘ರಿಂಕೋಸ್ಟೈಲಿಸ್ ರೆಟುಸಾ’ ಎಂದು ಬರೆದಿದ್ದೀರಿ. ನಮ್ಮ ಅಜ್ಜ ಇಟ್ಟುಕೊಂಡಿದ್ದ ಹಳೆಯ ತೋಟಗಾರಿಕೆ ಪುಸ್ತಕದಲ್ಲಿ ಇದೇ ಹೂವಿಗೆ ‘ಸ್ಯಾಕೋಲೇಬಿಯಂ ಗಟ್ಟಾಟಮ್’ ಎಂದಿದೆ. ವೈಜ್ಞಾನಿಕ ಹೆಸರು ಲೋಕಕ್ಕೆಲ್ಲ ಒಂದೇ ಎಂದು ಶಾಲೆಯಲ್ಲಿ ಓದಿದ್ದೆ. ಹಾಗಾದರೆ ಎರಡು ಹೆಸರು ಹೇಗೆ ಬಂತು?
— ಕೃಷಿಕರು, ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ಎರಡೂ ಇದೇ ಗಿಡದ ಹೆಸರುಗಳು. ಈಗ ಚಾಲ್ತಿಯಲ್ಲಿರುವುದು ರಿಂಕೋಸ್ಟೈಲಿಸ್ ರೆಟುಸಾ. ನಿಮ್ಮ ಅಜ್ಜನವರ ಪುಸ್ತಕದಲ್ಲಿರುವುದು ಹತ್ತೊಂಬತ್ತನೇ ಶತಮಾನದ ತೋಟಗಾರರು ಬಳಸುತ್ತಿದ್ದ ಹೆಸರು. ಇವೆರಡೇ ಅಲ್ಲ, ಈ ಗಿಡಕ್ಕೆ ಹತ್ತಾರು ಲ್ಯಾಟಿನ್ ಹೆಸರುಗಳು ಬಂದುಹೋಗಿವೆ. ಅದರ ಕಥೆ ನಮ್ಮ ಪಕ್ಕದ ಮಲಬಾರಿನಲ್ಲೇ ಶುರುವಾಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹದಿನೇಳನೇ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸಿದ. ಅದೇ ‘ಹೋರ್ಟಸ್ ಮಲಬಾರಿಕಸ್’. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಗುಣ, ಹೆಸರು, ಉಪಯೋಗಗಳನ್ನು ಹೇಳಿಕೊಟ್ಟವರು ಇಲ್ಲಿನವರೇ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಅವರು ಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲಿವೆ. ಕೊಂಕಣಿಯವರ ಪತ್ರ ನಾಗರಿ ಲಿಪಿಯಲ್ಲಿದೆ. ಕೊನೆಯ ಸಂಪುಟ ಹೊರಬರುವ ಹೊತ್ತಿಗೆ ರೀಡ್ ತೀರಿಕೊಂಡಿದ್ದ. ಮರದ ಮೇಲೆ ಬೆಳೆಯುವ ಹಲವು ಆರ್ಕಿಡ್‌ಗಳು ಬರುವುದು ಆ ಕೊನೆಯ ಸಂಪುಟದಲ್ಲೇ. ನಮ್ಮ ಸೀತಾಳೆ ದಂಡೆಯನ್ನು ಅಲ್ಲಿ ‘ಅಂಜಿಲಿ ಮರವಾರ’ ಎಂದು ಕರೆದಿದ್ದಾರೆ. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. ಹೆಬ್ಬಲಸಿನ ಮರದ ಮೇಲೆ ಬೆಳೆಯುವ ಗಿಡ ಎಂಬುದೇ ಆ ಹೆಸರಿನ ತಾತ್ಪರ್ಯ. ತೊಡಕಿಲ್ಲದ ನೇರ ವಿವರಣೆ, ಕಾಡಿನಲ್ಲಿ ಹುಡುಕುವವನಿಗೆ ನೆರವಾಗುವಂಥದ್ದು.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ತನಗೆ ತಿಳಿದಿದ್ದ ಲೋಕದ ಎಲ್ಲ ಸಸ್ಯಗಳಿಗೂ ಎರಡು ಪದದ ಹೆಸರಿಟ್ಟು ‘ಸ್ಪೀಶೀಸ್ ಪ್ಲಾಂಟಾರಮ್’ ಪ್ರಕಟಿಸಿದ. ಅವನು ಭಾರತಕ್ಕೆ ಬಂದವನಲ್ಲ. ಅಂಜಿಲಿ ಮರವಾರಕ್ಕೆ ಹೆಸರಿಡುವಾಗ ಅವನು ಆಧಾರವಾಗಿ ತೋರಿಸಿದ್ದು ರೀಡ್‌ನ ಗ್ರಂಥದ ಚಿತ್ರವನ್ನು. ಮರದ ಮೇಲೆ ಬೆಳೆಯುವ ಉಷ್ಣವಲಯದ ಆರ್ಕಿಡ್‌ಗಳನ್ನೆಲ್ಲ ಅವನು ‘ಎಪಿಡೆಂಡ್ರಮ್’ ಎಂಬ ಒಂದೇ ಕುಲದಲ್ಲಿ ತುಂಬಿದ್ದ. ಅಮೆರಿಕದ ವೆನಿಲ್ಲಾ ಬಳ್ಳಿಯೂ ಅದರಲ್ಲೇ ಇತ್ತು. ಹಾಗೆ ನಮ್ಮ ಗಿಡ ‘ಎಪಿಡೆಂಡ್ರಮ್ ರೆಟುಸಮ್’ ಆಯಿತು. ಎಲೆಯ ತುದಿ ಮೊಂಡಾಗಿ, ಕಚ್ಚು ಬಿದ್ದಂತಿರುವುದನ್ನು ಹೇಳುವ ಪದ ‘ರೆಟುಸಮ್’.

ಮುಂದಿನ ನೂರು ವರ್ಷಗಳಲ್ಲಿ ಏಷ್ಯಾದಿಂದ ರಾಶಿ ರಾಶಿ ಆರ್ಕಿಡ್‌ಗಳು ಯುರೋಪ್ ತಲುಪಿದವು. ಒಂದೇ ಕುಲದಲ್ಲಿ ಅಷ್ಟನ್ನೂ ಇಡುವುದು ಸಾಧ್ಯವಿಲ್ಲ ಎಂಬುದು ಸ್ಪಷ್ಟವಾಯಿತು. ಒಬ್ಬರು ನಮ್ಮ ಗಿಡವನ್ನು ‘ಏರಿಡಿಸ್’ ಕುಲಕ್ಕೆ ಒಯ್ದರು, ಇನ್ನೊಬ್ಬರು ‘ಸ್ಯಾಕೋಲೇಬಿಯಂ’ ಕುಲಕ್ಕೆ, ಮತ್ತೊಬ್ಬರು ‘ಗ್ಯಾಸ್ಟ್ರೋಕೈಲಸ್’ ಕುಲಕ್ಕೆ. ಜಾವಾದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಲ್ ಬ್ಲೂಮೆ ಎಂಬ ಸಸ್ಯವಿಜ್ಞಾನಿ ಹೂವಿನ ನಡುವಿನ ಕಂಬ ಕೊಕ್ಕಿನಂತೆ ಚಾಚಿರುವುದನ್ನು ಗಮನಿಸಿ 1825ರಲ್ಲಿ ಇದಕ್ಕೆಂದೇ ‘ರಿಂಕೋಸ್ಟೈಲಿಸ್’ ಎಂಬ ಕುಲ ಮಾಡಿದ. ಕೊನೆಗೆ ನಿಂತದ್ದು ಅವನ ತೀರ್ಮಾನ.

ಇಷ್ಟು ಓಡಾಟದಲ್ಲಿಯೂ ‘ರೆಟುಸ’ ಎಂಬ ಎರಡನೇ ಪದ ಮಾತ್ರ ಗಿಡದ ಜೊತೆಗೇ ಹೋಗಿದೆ. ಜಮೀನು ಅದೇ ಇದ್ದು ಪಹಣಿಯಲ್ಲಿ ಖಾತೆ ಬದಲಾದಾಗ ಸರ್ವೆ ನಂಬರು ಉಳಿಯುವ ಹಾಗೆ. ಹಾಗಿದ್ದರೆ ‘ಗಟ್ಟಾಟಮ್’ ಎಲ್ಲಿಂದ ಬಂತು? ಅದು ಬೇರೆಯೇ ಬಗೆಯ ತೊಡಕು. ಮತ್ತೊಂದೆಡೆಯಿಂದ ಬಂದ ಇದೇ ಗಿಡವನ್ನು ಕಂಡವರು ಹೊಸದೆಂದು ತಿಳಿದು, ಎಸಳಿನ ಮೇಲಿನ ಚುಕ್ಕಿಗಳನ್ನು ನೋಡಿ ಇಟ್ಟ ಹೆಸರು ಅದು. ಸಸ್ಯವಿಜ್ಞಾನಿ ರಾಬರ್ಟ್ ವೈಟ್, ರೀಡ್‌ನ ನೆನಪಿಗೆ ‘ಸ್ಯಾಕೋಲೇಬಿಯಂ ರೀಡಿ’ ಎಂದದ್ದೂ ಇದೇ ಗಿಡವನ್ನು. ಎರಡು ಹೆಸರು ಒಂದೇ ಗಿಡದ್ದೆಂದು ತಿಳಿದಾಗ ನಿಯಮ ಸರಳವಾಗಿದೆ. ಯಾವುದು ಮೊದಲು ಸರಿಯಾಗಿ ಅಚ್ಚಾಯಿತೋ ಅದು ಉಳಿಯುತ್ತದೆ. 1753ಕ್ಕಿಂತ ಹಿಂದಿನ ಹೆಸರುಗಳು ಲೆಕ್ಕಕ್ಕೆ ಬರುವುದಿಲ್ಲ, ಹೀಗಾಗಿ ಅಂಜಿಲಿ ಮರವಾರ ಸ್ಪರ್ಧೆಯಲ್ಲೇ ಇಲ್ಲ. 1753ರ ‘ರೆಟುಸ’ದ ಮುಂದೆ ಹತ್ತೊಂಬತ್ತನೇ ಶತಮಾನದ ‘ಗಟ್ಟಾಟ’ ನಿಲ್ಲಲಾರದು.

ಇನ್ನೊಂದು ಮಾತು. ಪ್ರತಿ ಹೆಸರಿಗೂ ಆಧಾರವಾಗಿ ಒಂದು ಮಾದರಿ ಬೇಕು. ಸಾಮಾನ್ಯವಾಗಿ ಅದು ಒಣಗಿಸಿ ಹಾಳೆಗೆ ಹೊಲಿದಿಟ್ಟ ಗಿಡ. ಸೀತಾಳೆ ದಂಡೆಯ ಮಟ್ಟಿಗೆ ಆ ಮಾದರಿ ಒಣ ಗಿಡವಲ್ಲ, ರೀಡ್‌ನ ಗ್ರಂಥದಲ್ಲಿರುವ ಆ ಚಿತ್ರವೇ. ಇಂದು ಯಾವ ದೇಶದ ತಜ್ಞರಿಗಾದರೂ ‘ರೆಟುಸ ಎಂದರೆ ಯಾವುದು’ ಎಂಬ ಸಂಶಯ ಬಂದರೆ ಅವರು ತೆರೆಯಬೇಕಾದದ್ದು, ಮಲಬಾರಿನ ವೈದ್ಯರ ಅರಿವಿನಿಂದ ಸಿದ್ಧವಾದ ಆ ಗ್ರಂಥವನ್ನು.

ಪ್ರಶ್ನೆ: ಪಠ್ಯದಲ್ಲಿ ಈ ಹೆಸರಿನ ಮುಂದೆ ‘(ಎಲ್.) ಬ್ಲೂಮೆ’ ಎಂದಿರುತ್ತದೆ. ಕಂಸದೊಳಗೆ ಒಬ್ಬರು, ಹೊರಗೆ ಒಬ್ಬರು ಯಾಕೆ? ‘ರೆಟುಸಮ್’ ಎಂಬುದು ‘ರೆಟುಸಾ’ ಆದದ್ದು ಹೇಗೆ?
— ಎಂ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ‘ಎಲ್.’ ಎಂದರೆ ಲಿನೇಯಸ್. ಮೊದಲು ಪ್ರಭೇದಕ್ಕೆ ಹೆಸರಿಟ್ಟವರು ಕಂಸದೊಳಗೆ, ಅದನ್ನು ಈಗಿನ ಕುಲಕ್ಕೆ ತಂದವರು ಹೊರಗೆ. ಕಂಸ ಕಂಡರೆ ಸಾಕು, ಗಿಡ ಕುಲ ಬದಲಿಸಿದೆ ಎಂದು ತಿಳಿಯಬಹುದು. ಕಂಸವಿಲ್ಲದಿದ್ದರೆ ಇಟ್ಟ ಕುಲದಲ್ಲೇ ಇದೆ ಎಂದರ್ಥ. ಕೊನೆಯ ಅಕ್ಷರದ ವಿಷಯ ಲ್ಯಾಟಿನ್ ವ್ಯಾಕರಣದ್ದು. ಎಪಿಡೆಂಡ್ರಮ್ ನಪುಂಸಕಲಿಂಗ, ರಿಂಕೋಸ್ಟೈಲಿಸ್ ಸ್ತ್ರೀಲಿಂಗ. ವಿಶೇಷಣ ಕುಲದ ಲಿಂಗವನ್ನು ಅನುಸರಿಸುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಕುಲದ ಮೊದಲಕ್ಷರ ಮಾತ್ರ ದೊಡ್ಡದು, ಎರಡೂ ಪದ ಓರೆ ಅಕ್ಷರದಲ್ಲಿ. ಕೈಯಲ್ಲಿ ಬರೆದರೆ ಅಡಿಗೆರೆ ಹಾಕಿ.

ಪ್ರಶ್ನೆ: ನಾನು ಉದ್ಯೋಗಕ್ಕಾಗಿ ಜೋರ್ಹಾಟ್‌ನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ ಬಿಹು ಹಬ್ಬದಲ್ಲಿ ಹೆಣ್ಣುಮಕ್ಕಳು ಮುಡಿಯುವ ‘ಕಪೌ ಫೂಲ್’ ನೋಡಿದಾಗೆಲ್ಲ ನಮ್ಮೂರ ಸೀತಾಳೆ ದಂಡೆ ನೆನಪಾಗುತ್ತದೆ. ನೀವು ಹಾಕಿದ ಚಿತ್ರವೂ ಹಾಗೇ ಇದೆ. ಎರಡೂ ಒಂದೆಯೇ? ಇಷ್ಟು ದೂರದ ಎರಡು ಕಾಡುಗಳಲ್ಲಿ ಒಂದೇ ಗಿಡ ಇರಲು ಸಾಧ್ಯವೇ?
— ಓದುಗರು, ಅಸ್ಸಾಂ

ಉತ್ತರ: ಒಂದೇ. ಅಸ್ಸಾಮಿನ ರಾಜ್ಯಪುಷ್ಪವಾಗಿರುವ ಕಪೌ ಫೂಲ್ ಈ ರಿಂಕೋಸ್ಟೈಲಿಸ್ ರೆಟುಸಾವೇ, ಅರುಣಾಚಲದ ರಾಜ್ಯಪುಷ್ಪವೂ ಇದೇ. ಶ್ರೀಲಂಕಾದಿಂದ ಹಿಡಿದು ಪಶ್ಚಿಮಘಟ್ಟ, ಹಿಮಾಲಯದ ತಪ್ಪಲು, ಮ್ಯಾನ್ಮಾರ್, ದಕ್ಷಿಣ ಚೀನಾ ದಾಟಿ ಜಾವಾ, ಫಿಲಿಪ್ಪೀನ್ಸ್‌ವರೆಗೆ ಇದರ ವಾಸ. ಬ್ಲೂಮೆ ಜಾವಾದ ಗಿಡ ನೋಡಿ ಕುಲ ಕಟ್ಟಿದ್ದು, ಲಿನೇಯಸ್ ಮಲಬಾರಿನ ಚಿತ್ರ ನೋಡಿ ಹೆಸರಿಟ್ಟದ್ದು ಒಂದೇ ಗಿಡಕ್ಕೆ ಸಂದದ್ದು ಹೀಗೆ.

ಊರಿಂದೂರಿಗೆ ಹೂಗೊಂಚಲಿನ ಉದ್ದ, ಚುಕ್ಕಿಗಳ ದಟ್ಟಣೆ, ಬಣ್ಣದ ಗಾಢತೆ ಬದಲಾಗುತ್ತವೆ. ಚುಕ್ಕಿಯೇ ಇಲ್ಲದ ಅಚ್ಚಬಿಳಿ ಹೂಗಳೂ ಉಂಟು. ಆದರೆ ಪ್ರಭೇದವನ್ನು ಬಣ್ಣದಿಂದ ಒಡೆಯುವುದಿಲ್ಲ. ತುಟಿಯೆಸಳಿನ ರಚನೆ, ಅದರ ಹಿಂದಿನ ಚೀಲ, ಕಂಬದ ಆಕಾರ ಎಲ್ಲೆಡೆ ಒಂದೇ ಆಗಿದ್ದು, ಎರಡು ಕೊನೆಗಳ ನಡುವೆ ಎಲ್ಲ ಮಧ್ಯಮ ರೂಪಗಳೂ ಸಿಗುತ್ತಿದ್ದರೆ ಅದನ್ನು ಒಂದೇ ಪ್ರಭೇದವೆಂದು ಎಣಿಸುತ್ತಾರೆ. ಹೂ ಬಿಡುವ ಕಾಲದ ಬಗ್ಗೆಯೂ ಹೇಳಬೇಕು. ನಿಮ್ಮಲ್ಲಿ ಏಪ್ರಿಲ್‌ನ ಬಿಹುವಿಗೆ ಸಿದ್ಧವಾಗುವ ಹೂ ಮಲೆನಾಡಿನಲ್ಲಿ ಹೆಚ್ಚಾಗಿ ಅರಳುವುದು ಮೇ, ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಮರದ ಮೇಲಿನ ಇಂಥ ಗಿಡಗಳನ್ನೆಲ್ಲ ‘ಸೀತಾಳೆ’ ಎಂದೇ ಕರೆಯುತ್ತಾರೆ. ನೋಡಿದರೆ ಮೂರು ನಾಲ್ಕು ಬಗೆ ಇರುವಂತಿದೆ. ಗುರುತಿಸಲು ಮಕ್ಕಳಿಗೆ ಹೇಗೆ ಕಲಿಸಲಿ? ಕನ್ನಡದ ಹೆಸರನ್ನೇ ಎಲ್ಲರೂ ಒಪ್ಪಿದ್ದರೆ ಲ್ಯಾಟಿನ್ನಿನ ಗೋಜು ತಪ್ಪುತ್ತಿತ್ತಲ್ಲವೇ?
— ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಮೊದಲು ಗುರುತಿಸುವ ವಿಷಯ. ಗಾಳಿಗೆ ಉದುರಿ ಬಿದ್ದ ಗೊಂಚಲೊಂದು ಸಿಕ್ಕರೆ ಪಾಠಕ್ಕೆ ಅದೇ ಸಾಕು, ಮರ ಹತ್ತಿಸಬೇಡಿ. ಒಂದು ಭೂತಗನ್ನಡಿ, ಒಂದು ಸೂಜಿ ಇಟ್ಟುಕೊಳ್ಳಿ.

ಸೀತಾಳೆ ದಂಡೆಯ ಒಂದು ಹೂವನ್ನು ಬಿಡಿಸಿ ಅಂಗೈ ಮೇಲಿಡಿ. ಅಗಲ ಹೆಚ್ಚೆಂದರೆ ಎರಡು ಸೆಂಟಿಮೀಟರು. ಹೊರಗೆ ಮೂರು ಪುಷ್ಪಪತ್ರ, ಒಳಗೆ ಎರಡು ಎಸಳು, ಎಲ್ಲ ಬಿಳಿ, ಮೇಲೆ ನೇರಳೆಗೆಂಪು ಚುಕ್ಕಿಗಳು. ಮೂರನೆಯ ಎಸಳು ಮಾತ್ರ ಉಳಿದವುಗಳಂತಿಲ್ಲ. ಅದೇ ತುಟಿ. ಅದರ ಮುಂಭಾಗ ಗಾಢ ನೇರಳೆ, ಹಿಂಭಾಗ ಪಕ್ಕದಿಂದ ಅದುಮಿದಂತಿರುವ ಬಿಳಿ ಚೀಲ. ಈಗ ಹೂವನ್ನು ಪಕ್ಕದಿಂದ ನೋಡಿ. ಗಂಡು ಭಾಗ, ಹೆಣ್ಣು ಭಾಗ ಎರಡೂ ಬೆಸೆದು ಆದ ಗಿಡ್ಡ ಕಂಬ ಕಾಣುತ್ತದೆ. ಮುಂದೆ ಕೊಕ್ಕಿನ ಹಾಗೆ ಚೂಪಾಗಿದೆ, ಬ್ಲೂಮೆ ಹೆಸರಿಟ್ಟದ್ದು ಈ ಕೊಕ್ಕಿಗೇ. ಸೂಜಿಯ ಮೊನೆಯಿಂದ ಕೊಕ್ಕಿನ ಕೆಳಗೆ ಮೆಲ್ಲಗೆ ಮುಟ್ಟಿ ಎತ್ತಿದರೆ ಕಂಬದ ತುದಿಯ ಟೋಪಿ ಕಳಚಿ, ಸಪೂರ ದಂಟಿನ ತುದಿಯಲ್ಲಿ ಎರಡು ಹಳದಿ ಗುಂಡುಗಳು ಸೂಜಿಗೆ ಅಂಟಿ ಬರುತ್ತವೆ. ದಂಟಿನ ಬುಡದ ಅಂಟೇ ಇದಕ್ಕೆ ಕಾರಣ. ಹೂವಿನ ಪರಾಗವೆಲ್ಲ ಆ ಗುಂಡುಗಳಲ್ಲೇ ಮೇಣದಂತೆ ಗಟ್ಟಿಯಾಗಿದೆ. ದಾಸವಾಳದ ಪರಾಗ ಪುಡಿಪುಡಿಯಾಗಿ ಕೈಗೆ ಹತ್ತುವುದನ್ನು ಮಕ್ಕಳು ನೋಡಿರುತ್ತಾರೆ, ಈ ವ್ಯತ್ಯಾಸ ಅವರಿಗೆ ಕೂಡಲೇ ಹಿಡಿಸುತ್ತದೆ. ಆರ್ಕಿಡ್‌ಗಳನ್ನು ವಿಂಗಡಿಸುವವರು ಎರಡು ಶತಮಾನಗಳಿಂದ ಮುಖ್ಯವಾಗಿ ನೋಡುತ್ತ ಬಂದದ್ದು ಇಷ್ಟನ್ನೇ. ಗುಂಡುಗಳು ಎಷ್ಟು, ದಂಟು ಹೇಗಿದೆ, ತುಟಿ ಕಂಬಕ್ಕೆ ಹೇಗೆ ಕೂಡಿದೆ, ಚೀಲ ಯಾವ ಕಡೆ ಬಾಗಿದೆ. 1830ರಿಂದ 1840ರವರೆಗೆ ಕಂತುಕಂತಾಗಿ ಆರ್ಕಿಡ್‌ಗಳ ಮಹಾಗ್ರಂಥ ಪ್ರಕಟಿಸಿದ ಇಂಗ್ಲೆಂಡಿನ ಜಾನ್ ಲಿಂಡ್ಲೆ ಇಡೀ ಕುಟುಂಬವನ್ನು ಭಾಗ ಮಾಡಿದ್ದೂ ಬಹುತೇಕ ಪರಾಗದ ಗುಂಡುಗಳ ಆಧಾರದ ಮೇಲೆ.

ನಿಮ್ಮೂರಿನಲ್ಲಿ ಇದರ ಜೊತೆ ಗೊಂದಲ ಮಾಡುವವು ಮುಖ್ಯವಾಗಿ ಮೂರು. ಏರಿಡಿಸ್ ಕ್ರಿಸ್ಪಾದ ಹೂ ಇದಕ್ಕಿಂತ ದೊಡ್ಡದು, ಗೊಂಚಲಿನಲ್ಲಿ ಬಿಡಿಬಿಡಿಯಾಗಿರುತ್ತದೆ, ತುಟಿ ಅಗಲವಾಗಿ ಗುಲಾಬಿ ಬಣ್ಣದ್ದು, ಅಂಚು ಸುಕ್ಕುಸುಕ್ಕು, ಪರಿಮಳ ದೂರಕ್ಕೇ ಬರುತ್ತದೆ. ಏರಿಡಿಸ್ ಮ್ಯಾಕುಲೋಸಾಕ್ಕೆ ಚುಕ್ಕಿಗಳಿವೆ. ದೂರದಿಂದ ಮೋಸ ಹೋಗುವುದು ಅಲ್ಲೇ, ಹತ್ತಿರದಿಂದ ನೋಡಿದರೆ ಅದರ ತುಟಿ ಅಗಲ, ಗೊಂಚಲು ವಿರಳ. ಮೂರನೆಯದು ಅಕಾಂಪೆ ಪ್ರಿಮೋರ್ಸಾ. ಎಲೆ ದಪ್ಪ ತೊಗಲಿನಂತೆ, ಹೂ ಚಿಕ್ಕದು, ಹಳದಿ ಮೇಲೆ ಕಂದು ಪಟ್ಟೆ, ಗೊಂಚಲು ಮೋಟು. ಏರಿಡಿಸ್ ಎರಡರಲ್ಲೂ ತುಟಿಯ ಹಿಂದಿನ ಕೊಂಬು ಮುಂದಕ್ಕೆ ಬಾಗಿರುತ್ತದೆ. ಸೀತಾಳೆ ದಂಡೆಯಲ್ಲಿ ಬಾಗಿದ ಕೊಂಬಿಲ್ಲ, ಅದುಮಿದ ಚೀಲವಿದೆ. ಹೂ ಇಲ್ಲದ ಕಾಲದಲ್ಲಿ ಎಲೆ ನೋಡಿ ಹೆಸರು ಹೇಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಡಿ. ಬುಡದಲ್ಲಿ ಒಂದರ ಮೇಲೊಂದು ಕೂತ ಪಟ್ಟಿಯಂಥ ಎಲೆ, ತುದಿಯಲ್ಲಿ ಕಚ್ಚು — ಇದು ಇವುಗಳಲ್ಲಿ ಹಲವಕ್ಕೆ ಸಾಮಾನ್ಯ.

ಕನ್ನಡದ ಹೆಸರಿನ ಬಗ್ಗೆ ನನ್ನ ನಿಲುವು ಸ್ಪಷ್ಟ. ಅದು ಬೇಕು, ಮಕ್ಕಳ ಬಾಯಲ್ಲಿ ಮೊದಲು ಬರಬೇಕಾದದ್ದೂ ಅದೇ. ಸೀತೆ ವನವಾಸದಲ್ಲಿ ಮುಡಿದ ಹೂ ಎಂಬ ಮಾತು, ದಂಡೆ ಕಟ್ಟಿ ಮುಡಿಯುವ ರೂಢಿ, ಇವೆಲ್ಲ ಆ ಹೆಸರಿನೊಳಗೇ ಇವೆ. ಆದರೆ ನಿಮ್ಮ ಮಕ್ಕಳೇ ತೋರಿಸಿದ ಹಾಗೆ ‘ಸೀತಾಳೆ’ ಒಂದು ಗಿಡದ ಹೆಸರಾಗಿ ಉಳಿದಿಲ್ಲ, ಮರದ ಮೇಲಿನ ಚೆಂದದ ಹೂಗಳಿಗೆಲ್ಲ ಸಾಮಾನ್ಯ ಹೆಸರಾಗಿದೆ. ಮರಾಠಿಯಲ್ಲಿ ‘ಸೀತೆಚಿ ವೇಣಿ’ಯ ಪಾಡೂ ಇದೇ. ಒಂದು ನಿರ್ದಿಷ್ಟ ಗಿಡವನ್ನು ಜೋರ್ಹಾಟ್‌ನವರಿಗೂ ಜಾವಾದವರಿಗೂ ಸಂಶಯವಿಲ್ಲದೆ ತೋರಿಸಬೇಕಾದಾಗ ಲ್ಯಾಟಿನ್ ಹೆಸರು ಬೇಕೇ ಬೇಕು. ಎರಡೂ ಹೆಸರು ಮಾಡುವ ಕೆಲಸ ಬೇರೆ, ಒಂದನ್ನು ಕಲಿತರೆ ಇನ್ನೊಂದನ್ನು ಬಿಡಬೇಕಾಗಿಲ್ಲ.

ಪ್ರಶ್ನೆ: ನಮ್ಮ ಕಾಫಿ ತೋಟದ ನೆರಳಿನ ಮರಗಳಲ್ಲಿ ಇವು ತುಂಬಿವೆ. ನಮ್ಮ ಮಾವನವರು ಇದು ಬಂದಳಿಕೆ, ಮರದ ಸಾರ ಹೀರುತ್ತದೆ, ಕೆರೆಸಿ ತೆಗೆಸಬೇಕು ಅನ್ನುತ್ತಾರೆ. ಅವರಿಗೆ ಏನು ಹೇಳಲಿ?
— ಗೃಹಿಣಿ, ಮೂಡಿಗೆರೆ

ಉತ್ತರ: ತೆಗೆಸಬೇಕಾಗಿಲ್ಲ ಎಂದು ಮಾವನವರಿಗೆ ನನ್ನ ಪರವಾಗಿ ತಿಳಿಸಿ. ನಿಜವಾದ ಬಂದಳಿಕೆಯ ಬೇರು ತೊಗಟೆಯನ್ನು ಕೊರೆದು ಮರದ ಒಳಗೆ ಇಳಿಯುತ್ತದೆ, ಮರದ ನೀರು ಮತ್ತು ಸಾರವನ್ನು ಹೀರುತ್ತದೆ. ಸೀತಾಳೆ ದಂಡೆಯ ಬೇರು ತೊಗಟೆಯ ಮೇಲೆ ಹಬ್ಬಿ ಹಿಡಿಯುತ್ತದೆ ಅಷ್ಟೇ. ಒಣಗಿದಾಗ ಬೆಳ್ಳಗೆ, ಮಳೆ ಬಿದ್ದ ಕೂಡಲೇ ಹಸಿರಾಗುವ ದಪ್ಪ ಬೇರುಗಳನ್ನು ನೀವೇ ನೋಡಿರುತ್ತೀರಿ. ಬೇರಿನ ಹೊರಗಿನ ಪದರ ಮಳೆನೀರನ್ನೂ ಇಬ್ಬನಿಯನ್ನೂ ಹೀರಿಕೊಳ್ಳುತ್ತದೆ. ಆಹಾರವನ್ನು ಗಿಡ ಬಿಸಿಲಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಎರಡರ ವ್ಯತ್ಯಾಸ ಪರೀಕ್ಷಿಸಲು ಸುಲಭ. ಒಣಗಿ ಬಿದ್ದ ಕೊಂಬೆಯ ಮೇಲೂ ಸೀತಾಳೆ ಬಹಳ ಕಾಲ ಬದುಕಿರುತ್ತದೆ, ಬಂದಳಿಕೆ ಕೊಂಬೆಯೊಂದಿಗೇ ಸಾಯುತ್ತದೆ.

ಮಾವನವರ ತಿಳಿವಳಿಕೆ ಹಳೆಯದು, ಅದಕ್ಕೆ ಪರಂಪರೆಯೂ ಇದೆ. ಮರದ ಮೇಲೆ ಬೆಳೆಯುವ ಗಿಡಗಳನ್ನು ಸಂಸ್ಕೃತದಲ್ಲಿ ‘ವಂದಾ’ ಎನ್ನುತ್ತಿದ್ದರು. ಕಲ್ಕತ್ತದಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಆ ಹೆಸರನ್ನು ಒಂದು ಆರ್ಕಿಡ್‌ಗೆ ಬಳಸಿದ, 1820ರಲ್ಲಿ ರಾಬರ್ಟ್ ಬ್ರೌನ್ ಅದನ್ನು ಕುಲದ ಹೆಸರಾಗಿ ಪ್ರಕಟಿಸಿದ. ಹೂವಿನಂಗಡಿಗಳಲ್ಲಿ ‘ವಾಂಡಾ’ ಎಂದು ಮಾರುವ ದೊಡ್ಡ ಆರ್ಕಿಡ್‌ಗಳ ಹೆಸರಿನ ಮೂಲ ಅದೇ. ನಮ್ಮ ಬಯಲುಸೀಮೆಯ ಮರಗಳ ಮೇಲೂ ವಾಂಡಾ ಟೆಸ್ಸೆಲೇಟಾ ಇದೆ.

ಪ್ರಶ್ನೆ: ಊರಿನ ದೇವರಕಾಡಿನ ಗಿಡಮರಗಳಿಗೆ ಫಲಕ ಬರೆಸುತ್ತಿದ್ದೇವೆ. ಈಗ ಡಿಎನ್‌ಎ ಪರೀಕ್ಷೆ ಮಾಡಿ ಆರ್ಕಿಡ್‌ಗಳ ಹೆಸರುಗಳನ್ನೆಲ್ಲ ಬದಲಿಸುತ್ತಿದ್ದಾರಂತೆ. ಇವತ್ತು ಬರೆಸಿದ ಫಲಕ ನಾಳೆ ತಪ್ಪಾಗುವುದಾದರೆ ಬರೆಸುವುದೇಕೆ?
— ನಿವೃತ್ತ ವನಪಾಲಕರು, ಸಾಗರ

ಉತ್ತರ: ಎಲ್ಲವನ್ನೂ ಬದಲಿಸುತ್ತಿಲ್ಲ. ಕಣ್ಣಿಗೆ ಕಾಣುವ ಲಕ್ಷಣಗಳಿಂದ ಮಾಡಿದ ಗುಂಪುಗಳಲ್ಲಿ ಹೆಚ್ಚಿನವನ್ನು ಡಿಎನ್‌ಎ ಸಮರ್ಥಿಸಿದೆ. ಆರ್ಕಿಡ್ ಕುಟುಂಬದ ಸುಮಾರು 28,000 ಪ್ರಭೇದಗಳನ್ನು ಈಗ ಐದು ಉಪಕುಟುಂಬಗಳಾಗಿ ಜೋಡಿಸಿದ್ದಾರೆ. ಸೀತಾಳೆ ದಂಡೆ ಅತಿ ದೊಡ್ಡದಾದ ಎಪಿಡೆಂಡ್ರಾಯ್ಡಿ ಉಪಕುಟುಂಬದ್ದು, ಅದರೊಳಗೆ ವಾಂಡಾ, ಏರಿಡಿಸ್‌ಗಳಿರುವ ಗುಂಪಿನದು. ಲಿಂಡ್ಲೆಯ ಕಾಲದವರು ಇವನ್ನೆಲ್ಲ ಹತ್ತಿರದ ನೆಂಟರೆಂದು ಕಂಡದ್ದು ಸರಿಯಾಗಿಯೇ ಇತ್ತು.

ಬದಲಾದದ್ದು ಅಂಚುಗಳಲ್ಲಿ. ಹಕ್ಕಿ, ಪತಂಗ, ಜೇನ್ನೊಣ ಹೀಗೆ ಬೇರೆ ಬೇರೆ ಪರಾಗವಾಹಕಗಳಿಗೆ ಒಗ್ಗಿಕೊಳ್ಳುವಾಗ ಹೂವಿನ ರೂಪ ಬೇಗ ಬದಲಾಗುತ್ತದೆ. ರೂಪ ಬೇರೆ ಕಂಡ ಮಾತ್ರಕ್ಕೆ ಬೇರೆ ಕುಲವೆಂದಿದ್ದ ಕೆಲವು ಒಳಗಿನಿಂದ ಒಂದೇ ಆಗಿದ್ದವು. ಜಪಾನಿನಲ್ಲಿ ಶತಮಾನಗಳಿಂದ ಕುಂಡದಲ್ಲಿ ಬೆಳೆಸುವ ನಿಯೋಫಿನೇಷಿಯಾವನ್ನು 2012ರಲ್ಲಿ ವಾಂಡಾ ಕುಲಕ್ಕೆ ಸೇರಿಸಿದರು, ಆಸ್ಕೋಸೆಂಟ್ರಮ್ ಕೂಡ ಅಲ್ಲಿಗೇ ಹೋಯಿತು. ಫ್ಲಿಕಿಂಗೇರಿಯಾ ಡೆಂಡ್ರೋಬಿಯಂನಲ್ಲಿ ಕರಗಿತು. ರಿಂಕೋಸ್ಟೈಲಿಸ್ ಪ್ರತ್ಯೇಕವಾಗಿಯೇ ಉಳಿದಿದೆ, ನಿಮ್ಮ ಫಲಕಕ್ಕೆ ಭಯವಿಲ್ಲ. ಕನ್ನಡದ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಸಿ, ಕೆಳಗೆ ವೈಜ್ಞಾನಿಕ ಹೆಸರು, ಮೂಲೆಯಲ್ಲಿ ಫಲಕ ಬರೆಸಿದ ವರ್ಷ. ಮುಂದೆ ಹೆಸರು ಬದಲಾದರೂ ಓದುವವರು ಹಳೆಯದರಿಂದ ಹೊಸದಕ್ಕೆ ದಾರಿ ಹುಡುಕಿಕೊಳ್ಳುತ್ತಾರೆ. ಫಲಕವನ್ನು ಗಿಡವಿರುವ ಮರಕ್ಕೆ ಮೊಳೆ ಹೊಡೆದು ಹಾಕಬೇಡಿ, ನೆಲದಲ್ಲಿ ಗೂಟ ನೆಟ್ಟು ಹಾಕಿಸಿ.

ಪ್ರಶ್ನೆ: ಸಕಲೇಶಪುರದ ಕಡೆ ಚಾರಣಕ್ಕೆ ಹೋದಾಗ ಒಂದು ಪುಟ್ಟ ಆರ್ಕಿಡ್ ಕಂಡೆ. ಮೊಬೈಲಿನ ಆ್ಯಪ್ ಅದಕ್ಕೆ ಹೆಸರು ಹೇಳಲಿಲ್ಲ. ಹೊಸ ಪ್ರಭೇದ ಇರಬಹುದೇ? ಹೌದಾದರೆ ನಮ್ಮ ಅಮ್ಮನ ಹೆಸರಿಡಬಹುದೇ? ಮುಂದಿನ ವಾರ ಹೋದಾಗ ಗಿಡ ತಂದು ನಿಮಗೆ ಕೊರಿಯರ್ ಮಾಡಲೇ?
— ಓದುಗರು, ಬೆಂಗಳೂರು

ಉತ್ತರ: ಗಿಡ ತರಬೇಡಿ, ಕಳಿಸಲೂ ಬೇಡಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ತೆಗೆಯುವುದು ಅಪರಾಧ. ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ ನಿರ್ಬಂಧವಿದೆ.

ಆ್ಯಪ್‌ಗೆ ಗೊತ್ತಿಲ್ಲದ ಮಾತ್ರಕ್ಕೆ ಗಿಡ ಹೊಸದಾಗುವುದಿಲ್ಲ. ಭಾರತೀಯ ಸಸ್ಯ ಸಮೀಕ್ಷಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ದೇಶದ 1,256 ಆರ್ಕಿಡ್‌ಗಳಿವೆ, ಅವುಗಳಲ್ಲಿ 388 ಬೇರೆಲ್ಲೂ ಇಲ್ಲದವು. ಸಣ್ಣ ಹೂವಿನವುಗಳ ಚಿತ್ರಗಳೇ ಅಪರೂಪ. ಆದರೂ ನಿಮ್ಮ ಆಸೆ ನಿರಾಧಾರವೇನಲ್ಲ, ನೀವು ಹೋದ ಆ ಸೀಮೆಗೇ ಅಂಥ ಚರಿತ್ರೆಯಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ್ಹಾ ಅವರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ನೆರವಿನಿಂದ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಸಮೀಕ್ಷೆ ಮಾಡಿದರು. ಡ್ಯಾನ್ ನಿಕಲ್ಸನ್ ಜೊತೆ ಅವರು ತಂದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ 1976ರಲ್ಲಿ ಹೊರಬಂತು. ಅದಕ್ಕೆ ಎರಡು ವರ್ಷ ಮೊದಲೇ ಅವರು ಹುಲ್ಲುಹಳದಿ ಬಣ್ಣದ ಪುಟ್ಟ ಹೂವಿನ ಆರ್ಕಿಡ್ ಒಂದಕ್ಕೆ ‘ಸ್ಮಿತ್‌ಸೋನಿಯಾ ಸ್ಟ್ರಾಮಿನಿಯಾ’ ಎಂದು ಹೆಸರಿಟ್ಟರು. ಪ್ರಭೇದ ಮಾತ್ರವಲ್ಲ, ಕುಲವೇ ಹೊಸದು. ಅಷ್ಟೇ ಅಲ್ಲ, ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ಡಾಲ್ಜೆಲ್ 1851ರಲ್ಲಿ ವರ್ಣಿಸಿದ್ದ ಎರಡು ಗಿಡಗಳೂ ಈ ಕುಲದವೇ ಎಂದು ತೋರಿಸಿ ಅವನ್ನು ಇಲ್ಲಿಗೆ ತಂದರು. ಅವು ಅಲ್ಲಿಯವರೆಗೆ ಸರಿಯಾದ ನೆಲೆಯಿಲ್ಲದೆ ಬೇರೆ ಬೇರೆ ಕುಲಗಳಲ್ಲಿ ಅಲೆದಿದ್ದವು. ಮೂರೂ ಪಶ್ಚಿಮಘಟ್ಟದವೇ. ಹೊಸ ಗಿಡ ಕಂಡದ್ದಕ್ಕಿಂತ, ನೂರು ವರ್ಷ ಹಳೆಯ ಗಿಡಗಳ ಸ್ಥಾನ ಸರಿಪಡಿಸಿದ್ದು ದೊಡ್ಡ ಕೆಲಸವೆಂದು ನಾನು ಎಣಿಸುತ್ತೇನೆ. ಹಳೆಯ ವರ್ಣನೆಗಳನ್ನು ಓದದೆ, ಮಾದರಿಗಳನ್ನು ನೋಡದೆ ಅದು ಆಗುವಂಥದ್ದಲ್ಲ. ಸಲ್ಡಾನ್ಹಾ ಅವರ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ.

ಹೊಸ ಪ್ರಭೇದವೆಂದು ಸಾಧಿಸಬೇಕಾದರೆ ಮೊದಲು ಹತ್ತಿರದ ಪ್ರಭೇದಗಳ ಮಾದರಿಗಳೊಂದಿಗೆ ಹೋಲಿಸಬೇಕು. ಅದಕ್ಕೆ ಬೆಂಗಳೂರಿನ ಸಂಗ್ರಹದ ಜೊತೆ ಕೊಯಮತ್ತೂರು, ಪುಣೆ, ಮುಂಬಯಿಯ ಹರ್ಬೇರಿಯಂಗಳನ್ನೂ, ಲಂಡನ್ನಿನ ಕ್ಯೂ ಸಂಗ್ರಹವನ್ನೂ ನೋಡಬೇಕಾಗುತ್ತದೆ. ವ್ಯತ್ಯಾಸ ಖಚಿತವಾದ ಮೇಲೆ, ಅನುಮತಿ ಪಡೆದು ತೆಗೆದ ಒಂದು ಮಾದರಿಯನ್ನು ಆಧಾರವಾಗಿ ಗೊತ್ತುಪಡಿಸಿ, ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವರ್ಣನೆ ಬರೆದು ಪ್ರಕಟಿಸಬೇಕು. 2012ಕ್ಕೆ ಮುಂಚೆ ಲ್ಯಾಟಿನ್ ಕಡ್ಡಾಯವಿತ್ತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯದಲ್ಲಿ ಇಡುವುದು ಕಡ್ಡಾಯ.

ಅಮ್ಮನ ಹೆಸರಿಡಲು ಅಡ್ಡಿಯಿಲ್ಲ. ಸ್ತ್ರೀಯರ ಹೆಸರಿಗೆ ಬೇರೆಯೇ ಪ್ರತ್ಯಯವಿದೆ, ಪ್ರಕಟಿಸುವವರು ಅದನ್ನು ಸೇರಿಸುತ್ತಾರೆ. ಆದರೆ ಹೆಸರಿಡುವ ಹಕ್ಕು ಗಿಡವನ್ನು ಮೊದಲು ಕಂಡವರದ್ದಲ್ಲ, ವರ್ಣಿಸಿ ಪ್ರಕಟಿಸಿದವರದ್ದು. ಅವರ ಜೊತೆ ಸೇರಿ ಕೆಲಸ ಮಾಡಿದರೆ ನಿಮ್ಮ ಮಾತಿಗೂ ಬೆಲೆ ಇರುತ್ತದೆ. ನನಗೆ ಕೇಳಿದರೆ, ಗಿಡದ ಗುಣವನ್ನೋ ಅದು ಸಿಕ್ಕ ಜಾಗವನ್ನೋ ಹೇಳುವ ಹೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಂದಿನ ವಾರ ಹೋಗುವುದಾದರೆ ಹೀಗೆ ಮಾಡಿ. ಹೂವಿನ ಮುಂಭಾಗದ ಚಿತ್ರ ಎಲ್ಲರೂ ತೆಗೆಯುತ್ತಾರೆ, ನನಗೆ ಬೇಕಾದದ್ದು ಪಕ್ಕದಿಂದ ತೆಗೆದದ್ದು, ತುಟಿಯ ಹಿಂದಿನ ಚೀಲವೋ ಕೊಂಬೋ ಕಾಣುವಂತೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಇಡೀ ಗಿಡದ್ದು, ಎಲೆಯ ತುದಿಯದ್ದು, ಬೇರಿನದ್ದು ಒಂದೊಂದು ಚಿತ್ರ ಸಾಕು. ಯಾವ ಮರ, ನೆಲದಿಂದ ಎಷ್ಟು ಎತ್ತರ, ಯಾವ ದಿನಾಂಕ ಎಂದು ಬರೆದುಕೊಳ್ಳಿ. ನಿಖರವಾದ ಜಾಗವನ್ನು ಜಾಲತಾಣಗಳಲ್ಲಿ ಹಾಕಬೇಡಿ, ಮಾರಾಟಕ್ಕೆ ಕೀಳುವವರು ಅದನ್ನೇ ನೋಡಿ ಬರುತ್ತಾರೆ. ಇಷ್ಟನ್ನು ನನಗೆ ಕಳಿಸಿದರೆ, ಅದು ಯಾವ ಕುಲದ್ದೆಂದು ತಿಳಿಸಿ, ಬೇಕಿದ್ದರೆ ಹರ್ಬೇರಿಯಂನವರ ಸಂಪರ್ಕ ಮಾಡಿಸುತ್ತೇನೆ.